ಚಪ್ಪಾಳೆ ಟೈಲರ್ ಮತ್ತು ಕೆಂಪು ದೀಪ

ನಮ್ಮ ಟೈಲರ್ ಚಪ್ಪಾಳೆ ತಟ್ಟಿದರೆ ಮೂರು ಬೀದಿಯಾಚೆಯ ಪಾರಿವಾಳಗಳೂ ಹಾರಿಹೋಗುತ್ತಿದ್ದವು ಎಂದು ಹೇಳುವವರಿದ್ದಾರೆ. ಅದು ಶುದ್ಧ ಉತ್ಪ್ರೇಕ್ಷೆ. ಎರಡು ಬೀದಿಯಾಚೆಯವು ಮಾತ್ರ ಹಾರುತ್ತಿದ್ದವು. ಮೂರನೆಯ ಬೀದಿಯವು ಕತ್ತೆತ್ತಿ ನೋಡಿ ಮತ್ತೆ ಕಾಳು ಹೆಕ್ಕುತ್ತಿದ್ದವು. ಬಸ್ ನಿಲ್ದಾಣದ ಕಥೆ ಮಾತ್ರ ನಿಜ, ಅದಕ್ಕೆ ಸಾಕ್ಷಿಗಳಿದ್ದಾರೆ. ಹೋಟೆಲಿನ ರೇಡಿಯೋದಲ್ಲಿ ಬಂದ ಹಾಡೊಂದು ಹಿಡಿಸಿ ಆತ ಒಂದೇ ಒಂದು ಸಲ ಕೈ ತಟ್ಟಿದ. ಕಂಡಕ್ಟರ್ ಬಸ್ಸಿನ ಪಕ್ಕೆಗೆ ಬಡಿದನೆಂದು ತಿಳಿದು ಡ್ರೈವರ್ ಗಾಡಿ ಎಳೆದುಕೊಂಡು ಹೊರಟೇ ಹೋದ. ಕಂಡಕ್ಟರ್ ಪಾಪ, ಅದೇ ಹೋಟೆಲಿನಲ್ಲಿ ಟೀ ಊದಿಕೊಂಡು ಕೂತಿದ್ದ. ಹಳೆಯ ಮರದ ಮಿಲ್ಲಿನ ಹಿಂಗೋಡೆಯಲ್ಲಿ ಬಿಟ್ಟ ಬಿರುಕು ಟೈಲರನ ಚಪ್ಪಾಳೆಯಿಂದಲೇ ಬಂದದ್ದು ಎಂದು ಮಿಲ್ಲಿನ ಯಜಮಾನರು ಕಣ್ಣು ಮುಚ್ಚುವವರೆಗೂ ವಾದಿಸಿದರು. ಅವರೇ ಕಟ್ಟಿಸಿದ ಗೋಡೆ, ಸಿಮೆಂಟಿನ ವಿಷಯಕ್ಕೆ ಹೋಗುವುದಕ್ಕಿಂತ ಅದು ಅವರಿಗೆ ಅನುಕೂಲವಾಗಿತ್ತು.

ಆದರೆ ಬರೀ ಸದ್ದಿಗೆ ಯಾರೂ ಹೆಸರು ಕೊಡುವುದಿಲ್ಲ. ಆತನಿಗೆ ಚಪ್ಪಾಳೆ ಟೈಲರ್ ಎಂಬ ಹೆಸರು ಬಂದದ್ದು ಆ ಚಪ್ಪಾಳೆ ಅಪರೂಪವಾಗಿದ್ದರಿಂದ. ಸಂಗೀತದ ಶಾಸ್ತ್ರ ಆತನಿಗೆ ಗೊತ್ತಿರಲಿಲ್ಲ. ಯಾವ ಸ್ವರ ಎಲ್ಲಿ ಹತ್ತಿ ಎಲ್ಲಿ ಇಳಿಯಿತು ಎಂದು ಕೇಳಿದರೆ ಗೋಡೆಯ ಕಡೆ ನೋಡುತ್ತಿದ್ದ. ಹಾಡು ಹಿಡಿಸಿದರೆ ಕೈ ತಾನಾಗಿ ಏಳುತ್ತಿತ್ತು, ಹಿಡಿಸದಿದ್ದರೆ ಮೊಣಕಾಲ ಮೇಲೆ ಮಲಗಿರುತ್ತಿತ್ತು. ಎದುರಿಗೆ ಹಾಡುತ್ತಿರುವವರು ನೆಂಟರಾಗಲಿ, ಗಿರಾಕಿಯಾಗಲಿ, ಹೊಲಿಸಿದ ಬಟ್ಟೆ ತೊಟ್ಟುಕೊಂಡೇ ಹಾಡುತ್ತಿರಲಿ, ಆ ಕೈಗೆ ದಾಕ್ಷಿಣ್ಯವೆಂಬುದೇ ಇರಲಿಲ್ಲ.

ಅದಕ್ಕೊಂದು ಮುನ್ಸೂಚನೆಯೂ ಇತ್ತು. ಸೂಜಿ ಚುಚ್ಚದಿರಲೆಂದು ನಡುಬೆರಳಿಗೆ ಹಾಕಿಕೊಳ್ಳುವ ಚಿಕ್ಕ ಲೋಹದ ಟೋಪಿ ಇರುತ್ತದಲ್ಲ, ಅದನ್ನು ಆತ ಅಂಗಡಿಯಿಂದ ಹಾಗೇ ಹಾಕಿಕೊಂಡು ಬರುತ್ತಿದ್ದ. ಕೈ ಏಳುವ ಮೊದಲು, ಕಣ್ಣು ಹಾಡುವವರ ಮೇಲೇ ಇಟ್ಟುಕೊಂಡು, ಆ ಬೆರಳಿನ ಟೋಪಿಯನ್ನು ಮೆಲ್ಲಗೆ ಬಿಚ್ಚಿ ಅಂಗಿಯ ಜೇಬಿಗೆ ಹಾಕುತ್ತಿದ್ದ. ಆ ಚಲನೆಯನ್ನು ಸಾಲುಸಾಲಿನ ಜನ ಗಮನಿಸುತ್ತಿದ್ದರು. "ಟೋಪಿಗೆ ಕೈ ಹಾಕಿದ" ಎಂದು ಪಿಸುಗುಟ್ಟುತ್ತಿದ್ದರು. ಹಾಡುವವರ ಗಂಟಲು ಅಲ್ಲಿಂದ ಮುಂದೆ ಒಂದೋ ಅರಳುತ್ತಿತ್ತು, ಇಲ್ಲವೋ ಹೆದರಿಕೆಗೆ ಕಟ್ಟಿಕೊಳ್ಳುತ್ತಿತ್ತು. ಟೋಪಿ ಅರ್ಧ ಬಿಚ್ಚಿ ಮತ್ತೆ ಹಾಕಿಕೊಂಡದ್ದೂ ಉಂಟು. ಅಂಥ ದಿನ ಆ ಗಾಯಕ ಮನೆಗೆ ಹೋಗಿ ಊಟ ಬೇಡವೆಂದು ಮಲಗಿಬಿಡುತ್ತಿದ್ದ.

ಈ ಟೋಪಿ ಕಳಚಲಿ ಎಂದು ಬಹಳ ವರ್ಷಗಳಿಂದ ಕಾದವರು ಒಬ್ಬರಿದ್ದರು. ಟೈಲರನ ಹೆಂಡತಿಯ ಅಣ್ಣ, ವಾಚ್ ರಿಪೇರಿಯವರು. ನಮಗೆಲ್ಲ ಅವರು ಗಡಿಯಾರದ ಭಾವ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕಡಲೆಕಾಳಿಗಿಂತ ಚಿಕ್ಕ ಚಕ್ರಗಳನ್ನು ಚಿಮುಟದಲ್ಲಿ ಎತ್ತುತ್ತಿದ್ದರು. ಸಂಜೆ ಅಂಗಡಿ ಮುಚ್ಚಿ ಪಿಟೀಲು ಹಿಡಿಯುತ್ತಿದ್ದರು. ಒಳ್ಳೆಯ ಕೈ, ತಪ್ಪಿಲ್ಲದ ಕೈ. ಆದರೂ ಟೈಲರನ ಕೈ ಅವರಿಗೆ ಒಮ್ಮೆಯೂ ಎದ್ದಿರಲಿಲ್ಲ.

ಇದು ಮನೆಯಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಟೈಲರನ ಹೆಂಡತಿ ಅಂಗಡಿಯಲ್ಲೇ ಪಕ್ಕದಲ್ಲಿ ಕೂತು ಕಾಜ ಮಾಡಿ ಗುಂಡಿ ಹಾಕುವವಳು. ಅಣ್ಣ ನುಡಿಸಿದ ಮಾರನೆಯ ದಿನ ಅವಳ ಸೂಜಿ ಬಟ್ಟೆಯನ್ನಲ್ಲ, ಗಂಡನನ್ನೇ ಚುಚ್ಚುತ್ತಿತ್ತು.

"ಆ ಪೋಸ್ಟ್‌ಮ್ಯಾನ್‌ಗೆ ತಟ್ಟಿದ್ರಿ. ಬೆಕ್ಕು ಬಾಗಿಲಿಗೆ ಸಿಕ್ಕಿಕೊಂಡ ಹಾಗೆ ಹಾಡ್ತಾನೆ. ನಮ್ಮಣ್ಣನಿಗೆ ತಟ್ಟೋಕೆ ಕೈಗೆ ಏನಾಗಿದೆ, ಲಕ್ವ ಹೊಡೆದಿದ್ಯಾ?"

"ಪೋಸ್ಟ್‌ಮ್ಯಾನ್ ಅವತ್ತು ಚೆನ್ನಾಗಿ ಹಾಡಿದ."

"ನಮ್ಮಣ್ಣ?"

"ಭಾವ ಯಾವಾಗ್ಲೂ ಚೆನ್ನಾಗೇ ನುಡಿಸ್ತಾರೆ."

"ಮತ್ತೆ?"

"ಕೈ ಏಳಲಿಲ್ಲ. ನಾನೇನು ಮಾಡ್ಲಿ."

"ತಟ್ಟೆ ಮುಂದೆ ಕೂತಾಗ ಚೆನ್ನಾಗಿ ಏಳುತ್ತೆ," ಎಂದು ಅವಳು ದಾರ ಹಲ್ಲಿನಿಂದ ಕಡಿಯುತ್ತಿದ್ದಳು.

ಗಡಿಯಾರದ ಭಾವ ಮಾತ್ರ ತಂಗಿಯನ್ನು ತಡೆಯುತ್ತಿದ್ದರು. "ಬಲವಂತ ಮಾಡಬೇಡಮ್ಮ. ಮುಳ್ಳನ್ನ ಬೆರಳಲ್ಲಿ ತಿರುಗಿಸಿದ್ರೆ ಗಡಿಯಾರ ನಡೆದ ಹಾಗೆ ಆಗಲ್ಲ. ತಾನಾಗಿ ಬರ್ಲಿ." ಹೀಗೆ ಹೇಳಿ ನಗುತ್ತಿದ್ದರು. ಆದರೆ ಆ ಮೇಲೆ ಅವರು ಟೈಲರನ ಬೆರಳಿನ ಕಡೆ ಒಮ್ಮೆ ಕಣ್ಣು ಹಾಯಿಸದೆ ಹೊರಟದ್ದನ್ನು ಅಂಗಡಿಯ ಬೆಂಚಿನ ಮೇಲೆ ಕೂರುವ ನಾವ್ಯಾರೂ ಕಂಡಿಲ್ಲ.

ಆ ಕಾಲದ ನಮ್ಮೂರಿನ ಸಂಗೀತದ ಉತ್ಸವ ಎಂದರೆ ಏನು? ಮರದ ಮಿಲ್ಲಿಗೆ ರಜೆಯಿರುವ ದಿನ ಹಿಂದಿನ ಬಯಲಿನಲ್ಲಿ ಸೇರುವುದು. ಹಲಗೆಗಳ ರಾಶಿಯೇ ವೇದಿಕೆ, ಮರದ ಹೊಟ್ಟೇ ಹಾಸು. ಹಾಡುವವರ ಮೂಗಿಗೆ ಹೊಟ್ಟು ಹೋಗಿ ಪಲ್ಲವಿಯ ನಡುವೆ ಸೀನು ಬರುವುದು ಕಾರ್ಯಕ್ರಮದ ಭಾಗವೇ ಆಗಿತ್ತು. ಯಾರು ಬೇಕಾದರೂ ಹಾಡಬಹುದು. ಕೇಳುವವರು ಇಷ್ಟವಾಗದಿದ್ದರೆ ಎದ್ದು ಹೋಗಬಹುದು, ಎಷ್ಟೋ ಸಲ ಹಾಡುವವರೇ ಎದ್ದು ಹೋಗುತ್ತಿದ್ದರು. ಮೈಕಿರಲಿಲ್ಲ. ಹಿಂದಿನವರು "ಕೇಳಿಸ್ತಿಲ್ಲ" ಎಂದು ಕೂಗಿದರೆ "ಮುಂದೆ ಬಾರೋ" ಎಂದು ಹಾಡಿನ ನಡುವೆಯೇ ಉತ್ತರ ಬರುತ್ತಿತ್ತು.

ಅದು ಬೆಳೆಯಿತು. ಬೆಳೆಯುವುದು ತಪ್ಪಲ್ಲ, ನಮ್ಮ ಹೊಟ್ಟೆಗಳೂ ಬೆಳೆದಿವೆ. ಮಿಲ್ಲಿನ ಯಜಮಾನರ ಅಳಿಯ ಕಾರ್ಯದರ್ಶಿಯಾದ ಮೇಲೆ ಉತ್ಸವ ಊರಾಚೆಯ ದೊಡ್ಡ ಮೈದಾನಕ್ಕೆ ಹೋಯಿತು. ಸುತ್ತ ತಗಡಿನ ಬೇಲಿ ಬಂತು, ಮಣಿಕಟ್ಟಿಗೆ ಬಣ್ಣದ ಪಟ್ಟಿ ಬಂತು, ಎರಡಂತಸ್ತಿನ ಮನೆಯಷ್ಟು ಎತ್ತರದ ಪರದೆ ಬಂತು. ಒಂದು ಹಾಸಿಗೆ ಕಂಪನಿಯ ಪ್ರಾಯೋಜಕತ್ವ ಬಂತು. ಮರದ ಹೊಟ್ಟಿನ ಮೇಲೆ ಪುಕ್ಕಟೆ ತೂಕಡಿಸುತ್ತಿದ್ದವರಿಗೆ ಈಗ ತೂಕಡಿಕೆಗೂ ಒಂದು ಲಾಂಛನ ಸಿಕ್ಕಿತು. ಜನ ಗೊಣಗಿದರು, ಉತ್ಸವದ ಜೀವವೇ ಹೋಯಿತು ಎಂದರು. ಅಳಿಯಂದಿರು ಬುದ್ಧಿವಂತರು. ಮರುವರ್ಷವೇ "ಮರಳಿ ಮೂಲ ಚೇತನಕ್ಕೆ" ಎಂದು ಬ್ಯಾನರ್ ಹಾಕಿಸಿ, ವೇದಿಕೆಯ ಎರಡೂ ಬದಿಗೆ ಹಳೆಯ ನೆನಪಿಗಾಗಿ ಹಲಗೆಗಳ ರಾಶಿ ಮಾಡಿಸಿದರು. ಥರ್ಮಾಕೋಲಿನದು. ಜೋರು ಗಾಳಿ ಬಂದಾಗ ಮೂಲ ಚೇತನ ಪ್ರೇಕ್ಷಕರ ತಲೆಯ ಮೇಲೆ ಹಾರಾಡಿತು.

ಅದೇ ಬುದ್ಧಿವಂತಿಕೆಯಲ್ಲಿ ಅವರು ಒಂದು ಬೆಳಿಗ್ಗೆ ಟೈಲರನ ಅಂಗಡಿಗೆ ಬಂದರು. ನಾವು ಬೆಂಚಿನ ಮೇಲೆಯೇ ಇದ್ದೆವು.

"ಅಣ್ಣಾ, ಥರ್ಮಾಕೋಲು ಏನೇ ಆದ್ರೂ ಥರ್ಮಾಕೋಲೇ. ನಮ್ಮ ಉತ್ಸವದ ನಿಜವಾದ ಮೂಲ ಚೇತನ ಅಂದ್ರೆ ನೀವು. ನೀವು ಮುಂದಿನ ಸಾಲಿನಲ್ಲಿ ಸೋಫಾ ಮೇಲೆ ಕೂತ್ಕೋಬೇಕು."

"ಕೂತ್ರೆ ಸಾಕಾ?" ಎಂದ ಟೈಲರ್. ಮಂಡಿನೋವಿನವನಿಗೆ ಸೋಫಾ ಎಂಬ ಪದದಲ್ಲೇ ಅರ್ಧ ಔಷಧಿಯಿತ್ತು.

"ಸಾಕು. ಒಂದೇ ಒಂದು ಸಣ್ಣ ವಿಷಯ. ಕ್ಯಾಮೆರಾ ಕೆಳಗೆ ಕೆಂಪು ದೀಪ ಇರುತ್ತೆ. ಅದು ಹತ್ತಿದಾಗ ಸ್ವಲ್ಪ ತಟ್ಟಿಬಿಡಿ. ಟೀವಿಯಲ್ಲಿ ನೇರ ಹೋಗ್ತಿರುತ್ತೆ, ಮಧ್ಯೆ ಜಾಹೀರಾತಿಗೆ ಜಾಗ ಬೇಕು. ನಮ್ಮ ಜನಕ್ಕೆ ಎಲ್ಲಿ ತಟ್ಟಬೇಕು ಅಂತ ಗೊತ್ತಾಗಲ್ಲ. ನೀವು ಶುರು ಮಾಡಿದ್ರೆ ಹಿಂದೆಯೇ ಬರ್ತಾರೆ."

"ಹಿಡಿಸದಿದ್ರೆ?"

"ದೀಪ ಹತ್ತೋ ಹೊತ್ತಿಗೆ ಹಿಡಿಸಿರುತ್ತೆ ಅಣ್ಣಾ. ಇನ್ನೊಂದು, ಆ ಬೆರಳಿನ ಟೋಪಿ ಬೇಡ. ಪರದೆ ಮೇಲೆ ಏನೋ ಪೆಟ್ಟಾಗಿ ಕಟ್ಟು ಹಾಕಿದ ಹಾಗೆ ಕಾಣುತ್ತೆ. ಒಂದು ಕೋಟು ಹಾಕ್ಕೊಂಡು ಬನ್ನಿ."

ಮಹಾಯುದ್ಧಗಳಲ್ಲಿ ಕೋಟೆಗಳು ಬೀಳುವುದು ಹೀಗೆಯೇ. ಹೊರಗಿನಿಂದ ಯಾರೂ ಗೋಡೆ ಒಡೆಯುವುದಿಲ್ಲ. ಒಳಗಿನವನಿಗೆ ಕಾಲು ನೋಯುತ್ತಿರುತ್ತದೆ, ಹೊರಗಿನವನು ಕುರ್ಚಿ ತಂದಿರುತ್ತಾನೆ. ಟೈಲರ್ ತನಗಾಗಿ ಬೂದುಬಣ್ಣದ ಕೋಟೊಂದನ್ನು ಹೊಲಿದುಕೊಂಡ. ಅದರ ಕಾಲರಿಗೆ ಪಟ್ಟ ಶ್ರಮವನ್ನು ಯಾವ ಗಿರಾಕಿಯ ಕಾಲರಿಗೂ ಪಟ್ಟಿರಲಿಲ್ಲ.

ಮೊದಲ ವರ್ಷ ದೀಪವೂ ಕೈಯೂ ಹೆಚ್ಚುಕಡಿಮೆ ಒಟ್ಟಿಗೇ ಎದ್ದವು. ಒಳ್ಳೆಯ ಗಾಯಕಿ, ಒಳ್ಳೆಯ ಹಾಡು. ದೀಪ ಹತ್ತದಿದ್ದರೂ ತಟ್ಟುತ್ತಿದ್ದೆ ಎಂದು ಟೈಲರ್ ಸಮಾಧಾನ ಮಾಡಿಕೊಂಡ. ಎರಡನೆಯ ವರ್ಷ ದೀಪ ಒಂದು ಗಳಿಗೆ ಮುಂಚೆ, ಕೈ ಒಂದು ಗಳಿಗೆ ಹಿಂದೆ. ಆಮೇಲೆ ಕೈ ಹಾಡನ್ನು ಕೇಳುವುದನ್ನೇ ಬಿಟ್ಟು ದೀಪವನ್ನು ನೋಡುವುದನ್ನು ಕಲಿಯಿತು. ಕಲಿತ ಮೇಲೆ ಎಷ್ಟು ಚುರುಕಾಯಿತೆಂದರೆ, ರಸ್ತೆಯಲ್ಲಿ ಮುಂದಿನ ಗಾಡಿಯ ಬ್ರೇಕಿನ ದೀಪ ಕಂಡರೂ ಬೆರಳು ಮಿಡುಕುತ್ತಿತ್ತು.

ಇಷ್ಟಾದರೂ ಅಂಗಡಿಯಲ್ಲಿ ಕೂತು ಉತ್ಸವ ಹಾಳಾಯಿತೆಂದು ಎಲ್ಲರಿಗಿಂತ ಗಟ್ಟಿಯಾಗಿ ಮರುಗುವವನು ಆತನೇ.

"ಮೊದಲು ಹಾಡೋರಿದ್ರು, ಕೇಳೋರಿದ್ರು. ಈಗ ಫೋನ್ ಎತ್ತಿ ಹಿಡಿಯೋರು ಮಾತ್ರ ಇದ್ದಾರೆ. ಆ ಆತ್ಮವೇ ಹೋಯ್ತು ಕಣ್ರೀ," ಎನ್ನುತ್ತಿದ್ದ, ಮೆಷಿನ್ ಗಾಲಿಗೆ ಎಣ್ಣೆ ಬಿಡುತ್ತಾ.

"ಎಲ್ಲಿಗೆ ಹೋಯ್ತು ಅಂತ?" ಎಂದು ಕೇಳಿದ ಒಮ್ಮೆ ಎದುರಿನ ಕಟಿಂಗ್ ಶಾಪಿನವನು. "ಸೋಫಾ ಕೆಳಗೆ ಹುಡುಕಿದ್ರಾ?"

ಬೆಂಚಿಗೆ ಬೆಂಚೇ ನಕ್ಕಿತು. ಟೈಲರ್ ನಗಲಿಲ್ಲ. ಎಣ್ಣೆ ಡಬ್ಬಿಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸುತ್ತಿದ್ದ.

ಕಳೆದ ಸಲದ ಉತ್ಸವದಲ್ಲಿ ಊರಿನವರಿಗೂ ಒಂದು ಅವಕಾಶವಿರಲಿ ಎಂದು, ದೂರದಿಂದ ಬರುವ ಪ್ರಸಿದ್ಧ ಗಾಯಕನ ಕಾರು ತಲುಪುವವರೆಗಿನ ಖಾಲಿ ಹೊತ್ತನ್ನು ಗಡಿಯಾರದ ಭಾವನಿಗೆ ಕೊಟ್ಟರು. ಭಾವ ಅದನ್ನು ಖಾಲಿ ಹೊತ್ತು ಎಂದುಕೊಳ್ಳಲಿಲ್ಲ. ಅವರ ಬಳಿ ಒಂದು ರಚನೆಯಿತ್ತು, ಸ್ವಂತದ್ದು, ವರ್ಷಗಳಿಂದ ಬಿಚ್ಚಿ ಜೋಡಿಸುತ್ತಲೇ ಇದ್ದದ್ದು. ಅದು ಮೇಲೇರುತ್ತಾ ಹೋಗಿ, ತುದಿಯಲ್ಲಿ ಕಮಾನು ಎತ್ತಿ, ಪೂರ್ತಿ ಮೌನವಾಗಿ ನಿಲ್ಲುತ್ತದೆ. ಮುಗಿಯಿತು ಎಂದು ಕೇಳುವವರು ಅಂದುಕೊಳ್ಳುವಷ್ಟು ಹೊತ್ತು ನಿಂತು, ಆಮೇಲೆ ಎಲ್ಲಕ್ಕಿಂತ ಕೆಳಗಿನ ತಂತಿಯ ಮೇಲೆ, ಗುಟ್ಟು ಹೇಳುವ ಹಾಗೆ, ಮತ್ತೆ ಶುರುವಾಗುತ್ತದೆ. ಆ ಕೊನೆಯ ಭಾಗಕ್ಕಾಗಿಯೇ ಉಳಿದದ್ದೆಲ್ಲ ಇತ್ತು. ಅವರ ಮನೆ ಟೈಲರನ ಮನೆಯ ಬೆನ್ನಿಗಿದ್ದದ್ದರಿಂದ ಆ ತುಣುಕು ಗೋಡೆಯ ಮೂಲಕ ಎಷ್ಟೋ ಸಂಜೆ ಇವರ ಅಡುಗೆಮನೆಗೂ ಇಳಿದುಬರುತ್ತಿತ್ತು.

ಸಂಜೆ ಬೆಳಕಿರುವಾಗಲೇ ಭಾವ ವೇದಿಕೆ ಹತ್ತಿದರು. ಥರ್ಮಾಕೋಲ್ ಹಲಗೆಗಳ ನಡುವೆ ಅವರು ಇನ್ನೂ ಚಿಕ್ಕವರಾಗಿ ಕಂಡರು. ಟೈಲರನ ಹೆಂಡತಿ ಬೇಲಿಯ ಹಿಂದೆ ನಮ್ಮ ಜೊತೆ ನಿಂತಿದ್ದಳು. ಸೋಫಾ ಒಬ್ಬರಿಗೆ ಮಾತ್ರವಿತ್ತು. ಭಾವ ನುಡಿಸಿದರು. ಸುಳ್ಳು ಹೇಳಬಾರದು, ಅವತ್ತು ಅವರು ತಾವು ಎಂದೂ ನುಡಿಸದ ಹಾಗೆ ನುಡಿಸಿದರು. ಪಿಟೀಲು ಏರಿತು, ಏರಿತು, ಕಮಾನು ಮೇಲೆದ್ದಿತು. ಮೌನ. ಅಷ್ಟು ದೊಡ್ಡ ಮೈದಾನದಲ್ಲಿ ಒಬ್ಬನೂ ಕೆಮ್ಮಲಿಲ್ಲ.

ಅದೇ ಹೊತ್ತಿಗೆ ಪ್ರಸಿದ್ಧ ಗಾಯಕನ ಕಾರು ಗೇಟಿಗೆ ಬಂತು.

ಕೆಂಪು ದೀಪ ಹತ್ತಿತು. ಮುಂದಿನ ಸಾಲಿನಿಂದ ಆ ಚಪ್ಪಾಳೆ ಬಿತ್ತು, ಹಲಗೆ ಮುರಿದ ಹಾಗೆ. ಅದರ ಹಿಂದೆ ಇಡೀ ಮೈದಾನ ತಟ್ಟಿತು.

ಭಾವ ಕಣ್ಣು ತೆರೆದರು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಪರದೆಯ ಮೇಲೆ, ಎರಡಂತಸ್ತಿನ ಎತ್ತರಕ್ಕೆ, ತಂಗಿಯ ಗಂಡ ಚಪ್ಪಾಳೆ ತಟ್ಟುತ್ತಿರುವುದು ಕಂಡಿತು. ಎತ್ತಿದ ಕಮಾನು ಹಾಗೇ ಕೆಳಗಿಳಿಯಿತು. ಅವರು ಎದ್ದು ನಿಂತು, ತೋಳಿನಿಂದ ಕಣ್ಣೊರೆಸಿಕೊಂಡು, ಬಗ್ಗಿ ನಮಸ್ಕರಿಸಿ, ಹೋಗಿಬಿಟ್ಟರು. ಉಳಿದ ಭಾಗ ಪಿಟೀಲಿನಲ್ಲೇ ಉಳಿಯಿತು. ಗಂಡನ ಕೈ ಎದ್ದ ಖುಷಿಯಲ್ಲಿ ತಂಗಿಗೂ ಅದು ಹೊಳೆಯಲಿಲ್ಲ. ಮುಗಿದಿಲ್ಲವೆಂಬ ಅರಿವಿದ್ದವರು ಆ ಮೈದಾನದಲ್ಲಿ ಇಬ್ಬರೇ. ಒಬ್ಬರು ಮೆಟ್ಟಿಲಿಳಿಯುತ್ತಿದ್ದರು, ಇನ್ನೊಬ್ಬ ಸೋಫಾದ ಮೇಲೆ ತನ್ನ ಎರಡು ಅಂಗೈಗಳನ್ನು ಪರರ ವಸ್ತುವಿನಂತೆ ನೋಡುತ್ತಿದ್ದ.

ಆಮೇಲಿನ ದಿನಗಳಲ್ಲಿ ಟೈಲರನ ಮನೆಯಲ್ಲಿ ಆದ ಸಂಭ್ರಮವನ್ನು ವರ್ಣಿಸಲು ನನ್ನ ಲೇಖನಿ ಸಾಲದು, ಟೈಲರನ ಎದೆಯೂ ಸಾಲಲಿಲ್ಲ. ಹೆಂಡತಿ ಎರಡೆರಡು ಸಲ ಬಡಿಸಿದಳು. ಮಂಡಿಗೆ ಬಿಸಿನೀರಿನ ಚೀಲ ಕೇಳದೆಯೇ ಬಂತು. "ಎಷ್ಟು ವರ್ಷ ಕಲ್ಲಾಗಿದ್ರಿ, ಕೊನೆಗೂ ಕರಗಿದ್ರಿ," ಎಂದು ಅವಳು ಗುಂಡಿ ಹಾಕುತ್ತಾ ಗುನುಗಿದಳು. ಟೀವಿಯವರು ಆ ಕ್ಷಣವನ್ನೇ ಮತ್ತೆ ಮತ್ತೆ ತೋರಿಸಿದರು: ಬೂದುಬಣ್ಣದ ಕೋಟು, ಏಳುವ ಕೈ, ಕೆಳಗೆ "ಹೃದಯದಿಂದ ಬಂದ ಚಪ್ಪಾಳೆ", ಅದರ ಕೆಳಗೆ ಹಾಸಿಗೆ.

ಟೈಲರ್ ಕೈ ತೊಳೆಯತೊಡಗಿದ. ಊಟಕ್ಕೆ ಮೊದಲು, ಊಟದ ನಂತರ, ಊಟಕ್ಕೆ ಸಂಬಂಧವೇ ಇಲ್ಲದಾಗಲೂ. ಬ್ಯಾಂಕಿನ ಗುಮಾಸ್ತನ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದ. ಗುಮಾಸ್ತ ಹಾಕಿಕೊಂಡು ಕನ್ನಡಿ ಮುಂದೆ ನಿಂತು, "ಇದು ಈಗಿನ ಫ್ಯಾಷನ್ನಾ?" ಎಂದು ಕೇಳಿದರೆ, "ಬಿಚ್ಚಿಕೊಡಿ" ಎಂದನೇ ಹೊರತು ತಲೆಯೆತ್ತಲಿಲ್ಲ. ದಾರಿಯಲ್ಲಿ ಯಾರಾದರೂ "ಭಾವನಿಗೆ ಭಾವ ಕೊಟ್ಟ ಚಪ್ಪಾಳೆ" ಎಂದು ಬೆನ್ನು ತಟ್ಟಿದರೆ, ಹೊಡೆತ ತಿಂದವನಂತೆ ಕುಗ್ಗುತ್ತಿದ್ದ.

ಇದೂ ಕಳೆದುಹೋಗುತ್ತಿತ್ತೇನೋ. ಆದರೆ ಒಂದು ಬೆಳಿಗ್ಗೆ ಗಡಿಯಾರದ ಭಾವ ಪಿಟೀಲನ್ನು ಪೆಟ್ಟಿಗೆಯ ಸಮೇತ ಅಂಗಡಿಗೆ ತಂದರು. ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು.

"ಏನ್ ಟೈಲರ್ ಸಾಹೇಬ್ರೇ, ಇದಕ್ಕೊಂದು ಗವಸು ಬೇಕಲ್ಲ. ದಪ್ಪ ಬಟ್ಟೆಯದು, ಧೂಳು ಹೋಗದ ಹಾಗೆ."

"ಜಿಪ್ ಹಾಕ್ಲಾ, ಗುಂಡಿ ಹಾಕ್ಲಾ ಭಾವ?"

"ಎರಡೂ ಬೇಡ. ಒಳಗಿಟ್ಟು ಬಾಯಿ ಹೊಲಿದುಬಿಡಿ."

ಹೆಂಡತಿಯ ಸೂಜಿ ನಿಂತಿತು. "ಅದ್ಯಾಕಣ್ಣ?"

"ಅಲ್ಲಮ್ಮ, ಇಷ್ಟು ವರ್ಷ ಯಾತಕ್ಕೆ ನುಡಿಸ್ತಿದ್ದೆ ಅಂತ ನಿನಗೇ ಗೊತ್ತು. ಅದು ಸಿಕ್ತು. ಅದೂ ಎಂಥ ಜಾಗದಲ್ಲಿ ಸಿಕ್ತು ನೋಡು, ಕಮಾನು ಎತ್ತಿದ ಜಾಗದಲ್ಲಿ. ಮುಂದಿನದ್ದು ಬೇಕೇ ಇಲ್ಲ ಅಂತ ಇವರ ಕೈ ಹೇಳಿಬಿಡ್ತು. ನನಗೆ ಅದೇ ಹೊಳೆದಿರ್ಲಿಲ್ಲ. ತುಂಬಿದಾಗ ಎತ್ತಿಡಬೇಕು." ಹೀಗೆ ಹೇಳಿ ಅವರು ಟೈಲರನ ಭುಜ ಹಿಡಿದು ಮೆಲ್ಲಗೆ ಅಲುಗಿಸಿದರು. "ಯಾವಾಗ ಬರ್ಲಿ?"

ಟೈಲರುಗಳ ಕುಲಕ್ಕೆ ಒಂದು ಉತ್ತರವಿದೆ. ಹೊಲಿಗೆ ಮೆಷಿನ್ ಹುಟ್ಟುವುದಕ್ಕೂ ಮೊದಲೇ ಅದು ಹುಟ್ಟಿತ್ತೆಂದು ನನ್ನ ನಂಬಿಕೆ. ಮದುವೆಯ ಸೂಟಿಗೂ ಅದೇ, ಶಾಲೆಯ ಚಡ್ಡಿಗೂ ಅದೇ.

"ನಾಳೆ ಬನ್ನಿ," ಎಂದ ಟೈಲರ್.

ನಾಳೆ ಬಂದರು. ದಾರ ಬಂದಿಲ್ಲ, ನಾಳೆ ಬನ್ನಿ. ಮತ್ತೆ ಬಂದರು. ಮೆಷಿನ್ನಿನ ಪಟ್ಟಿ ಸಡಿಲವಾಗಿದೆ, ನಾಳೆ ಬನ್ನಿ. ಇಡೀ ಊರಿಗೆ ಸುಳ್ಳೆಂದು ಗೊತ್ತಿರುವ ಮಾತನ್ನು ಆತ ಜೀವಮಾನದಲ್ಲಿ ಮೊದಲ ಸಲ ಮುಖ ಕೆಂಪಗಾಗಿ ಹೇಳುತ್ತಿದ್ದ. ಗವಸಿನ ಬಟ್ಟೆ ಮೇಜಿನ ಮೇಲೆ ಕತ್ತರಿಸಿ ಬಿದ್ದಿತ್ತು. ಅದರ ಮೇಲೆ ಸೂಜಿ ಇಡಲು ಹೋದಾಗಲೆಲ್ಲ ಆತನಿಗೆ ಬೇರೊಂದು ಕೆಲಸ ನೆನಪಾಗುತ್ತಿತ್ತು. ಗೋಡೆಯಾಚೆಯಿಂದ ಆ ದಿನಗಳಲ್ಲಿ ಏನೂ ಕೇಳಿಸಲಿಲ್ಲ. ಅಡುಗೆಮನೆಯಲ್ಲಿ ನಲ್ಲಿಯ ಹನಿಯ ಸದ್ದು ಅಷ್ಟು ದೊಡ್ಡದೆಂದು ಮನೆಯವರಿಗೆ ಆಗಲೇ ಗೊತ್ತಾದದ್ದು.

ಕೊನೆಗೊಂದು ಮಧ್ಯಾಹ್ನ ಭಾವ ಬೆಂಚಿನ ಮೇಲೆ ನಮ್ಮನ್ನು ಸರಿಸಿ ಕೂತರು. ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲಿತ್ತು. ಕಟಿಂಗ್ ಶಾಪಿನವನೂ ಬಂದಿದ್ದ, ಗಿರಾಕಿಯಿಲ್ಲದ ಹೊತ್ತು.

"ಇವತ್ತು ಹೊಲಿಸ್ಕೊಂಡೇ ಹೋಗೋದು. ಕೂತಿರ್ತೀನಿ," ಎಂದರು ಭಾವ. ಆಮೇಲೆ ಮಕ್ಕಳು ಕಥೆ ಕೇಳುವಾಗ ಮುಂದಕ್ಕೆ ಬಾಗುವ ಹಾಗೆ ಬಾಗಿ, "ಒಂದು ಕೇಳಬೇಕಿತ್ತು. ಆ ಬೆಳಕಲ್ಲಿ ನನಗೆ ಕಾಣಲಿಲ್ಲ. ಟೋಪಿ ಯಾವ ಜಾಗದಲ್ಲಿ ತೆಗೆದ್ರಿ? ಏರುವಾಗಲೇನಾ?"

ಟೈಲರ್ ತನ್ನ ನಡುಬೆರಳನ್ನು ನೋಡಿಕೊಂಡ. ಈಗ ಅದರ ಮೇಲೆ ಟೋಪಿ ಇತ್ತು.

"ಹಾಕಿರ್ಲಿಲ್ಲ ಭಾವ."

"ಮರೆತು ಬಂದಿದ್ರಾ?"

"ಕಾರ್ಯದರ್ಶಿಗಳು ಬೇಡ ಅಂದಿದ್ರು. ಪರದೆ ಮೇಲೆ ಚೆನ್ನಾಗಿ ಕಾಣಲ್ಲ ಅಂತ."

"ಹೋಗ್ಲಿ ಬಿಡಿ. ಟೋಪಿ ಇಲ್ಲದಿದ್ರೂ ಕೈ ಎದ್ದಿತಲ್ಲ."

ಇಲ್ಲಿ ಸುಮ್ಮನಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಭಾವನಿಗೆ ಜೀವಮಾನದ ಬಹುಮಾನ, ತಂಗಿಗೆ ತವರಿನ ಗೆಲುವು, ಗಂಡನಿಗೆ ಬಿಸಿನೀರಿನ ಚೀಲ. ಟೈಲರ್ ಗವಸಿನ ಬಟ್ಟೆಯನ್ನು ಎಳೆದುಕೊಂಡ. ಮಡಚಿದ. ಬಿಡಿಸಿದ. ಮತ್ತೆ ಮೇಜಿನ ಮೇಲೆಯೇ ಇಟ್ಟ.

"ಭಾವ, ನಾನು ಕೇಳ್ತಾ ಇರ್ಲಿಲ್ಲ," ಎಂದ. ಧ್ವನಿ ಎಷ್ಟು ಚಿಕ್ಕದಿತ್ತೆಂದರೆ ಮೊದಲ ಬೀದಿಯ ಪಾರಿವಾಳಕ್ಕೂ ಕೇಳುತ್ತಿರಲಿಲ್ಲ. "ಪರದೆ ಮೇಲೆ ನನ್ನ ಮುಖ ಬಂದಿತ್ತು. ಕಾಲರ್ ಒಂದು ಕಡೆ ಎದ್ದಿದೆ ಅನ್ನಿಸ್ತು, ಸರಿ ಮಾಡ್ಕೊಳ್ತಾ ಇದ್ದೆ. ದೀಪ ಹತ್ತಿತು. ತಟ್ಟಿದೆ."

"ಯಾವ ದೀಪ?"

"ಕ್ಯಾಮೆರಾ ಕೆಳಗೆ ಒಂದು ಕೆಂಪು ದೀಪ ಇರುತ್ತೆ. ಅದು ಹತ್ತಿದಾಗ ತಟ್ಟಬೇಕು ಅಂತ ಹೇಳಿದ್ದಾರೆ. ಅದಕ್ಕೇ ಸೋಫಾ. ಈ ಸಲ ಒಂದೇ ಅಲ್ಲ, ಮೂರ್ನಾಲ್ಕು ವರ್ಷದಿಂದ."

ಕಟಿಂಗ್ ಶಾಪಿನವನ ಬಳಿ ಯಾವಾಗಲೂ ಒಂದು ಮಾತು ಸಿದ್ಧವಿರುತ್ತದೆ. ಅವನೂ ತನ್ನ ಚಪ್ಪಲಿ ನೋಡಿಕೊಂಡ. ಹೆಂಡತಿ ಬಯ್ದಿದ್ದರೆ ಟೈಲರನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬಯ್ಯಲಿಲ್ಲ. ಅರ್ಧ ಹಾಕಿದ ಗುಂಡಿಯನ್ನು ಹಾಗೇ ಹಿಡಿದುಕೊಂಡು ಗಂಡನನ್ನು ನೋಡಿದಳು, ಬಾಗಿಲಲ್ಲಿ ನಿಂತ ಅಪರಿಚಿತರನ್ನು ಯಾರು ಬೇಕಿತ್ತು ಎಂದು ನೋಡುವ ಹಾಗೆ.

ಭಾವನ ಮುಖದಿಂದ ಆ ಹತ್ತು ವರ್ಷ ವಾಪಸು ಬಂದು ಕೂತವು.

"ಹಾಗಾದ್ರೆ ನನಗೆ ಸಿಕ್ಕಿದ್ದು ಹಾಸಿಗೆ ಜಾಹೀರಾತಿನ ಚಪ್ಪಾಳೆ."

"ಹೌದು."

"ಮುಂದಿನದ್ದು ಬೇಡ ಅಂತ ನಿಮ್ಮ ಕೈ ಹೇಳಲಿಲ್ಲ."

"ಮುಂದಿನದ್ದು ಇದೆ ಅಂತ ನನಗೆ ಗೊತ್ತಿತ್ತು ಭಾವ. ಅಡುಗೆಮನೆಯಲ್ಲಿ ಕೇಳಿಸುತ್ತೆ. ಗೊತ್ತಿದ್ದೂ ತಟ್ಟಿದೆ. ನನ್ನ ನಾಚಿಕೆ ಅದು. ದೀಪದ್ದಲ್ಲ."

ಭಾವ ಹಣೆಯ ಮೇಲೆ ಉಳಿದುಹೋಗಿದ್ದ ಭೂತಗನ್ನಡಿಯನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಜೇಬಿಗೆ ಹಾಕಿದರು. ಕೆಟ್ಟ ಗಡಿಯಾರ ಎಲ್ಲಿ ನಿಂತಿದೆ ಎಂದು ಹುಡುಕುವಾಗಿನ ಹಾಗೆ ತೊಡೆಯ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿದರು.

"ಗವಸು ಹೊಲಿದಿಲ್ಲ ಅಲ್ವಾ?"

"ಇಲ್ಲ."

"ನೀವು ಮಾಡಿದ್ದರಲ್ಲಿ ಅದೊಂದು ಒಳ್ಳೇದಾಯ್ತು," ಎಂದು ಅವರು ಪೆಟ್ಟಿಗೆ ತೆರೆದರು.

ತಂತಿ ಸರಿಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಪಿಟೀಲು ಇಷ್ಟು ದಿನ ಮುಚ್ಚಿದ ಕೋಣೆಯಲ್ಲಿದ್ದು ಮುನಿಸಿಕೊಂಡಿತ್ತು. ಹೆಂಡತಿ ಎದ್ದು, ಕತ್ತರಿಸಿಟ್ಟ ಗವಸಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಇಸ್ತ್ರಿ ಮೇಜಿನ ಕಾಲಿನ ಕೆಳಗೆ ಸಿಕ್ಕಿಸಿ ಬಂದು ಕೂತಳು. ಭಾವ ಕಮಾನು ಎತ್ತಿದರು. ಎತ್ತಿ, ನಿಲ್ಲಿಸಿದರು. ಅವತ್ತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಆ ಮೌನದಿಂದಲೇ ಶುರುಮಾಡಿದರು.

ಕೆಳಗಿನ ತಂತಿ ಮಾತಾಡಿತು. ನಾನು ಸಂಗೀತದ ಬಗ್ಗೆ ಬರೆಯುವವನಲ್ಲ. ಒಂದು ಮಾತ್ರ ಹೇಳುತ್ತೇನೆ: ನೇತುಹಾಕಿದ ಅಂಗಿಗಳ ಒಳಗೆ ಜನ ಬಂದು ನಿಂತು ಕೇಳಿದ ಹಾಗಿತ್ತು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಗಂಟೆ ಹೊಡೆಯದೆ ಇಳಿದು ನಿಂತ. ಪ್ಯಾಂಟ್ ಅಳತೆ ಕೊಡಲು ಬಂದವನು ತನ್ನ ಸೊಂಟದ ಸುತ್ತ ತಾನೇ ಟೇಪು ಹಿಡಿದುಕೊಂಡು ನಿಮಿಷಗಟ್ಟಲೆ ಹಾಗೇ ನಿಂತ. ಹಳೆಯ ಬಯಲಿನ ಮರದ ಹೊಟ್ಟಿನ ವಾಸನೆ ಬಂತೆಂದು ಕಟಿಂಗ್ ಶಾಪಿನವನು ಆಮೇಲೆ ಪ್ರಮಾಣ ಮಾಡಿ ಹೇಳಿದ. ಅವನಿಗೆ ಬಂದದ್ದು ಇಸ್ತ್ರಿಯ ವಾಸನೆ, ಆದರೆ ನಾವು ವಾದಿಸಲಿಲ್ಲ.

ಮತ್ತು ನಾವೆಲ್ಲ, ಕೇಳುತ್ತಲೇ, ಟೈಲರನ ನಡುಬೆರಳನ್ನು ನೋಡುತ್ತಿದ್ದೆವು.

ಎಡಗೈ ಟೋಪಿಯ ಮೇಲೆ ಬಂತು. ಹಿಡಿಯಿತು. ಮೆಲ್ಲಗೆ ತಿರುವಿತು. ಟೋಪಿ ಉಗುರಿನ ತನಕ ಜಾರಿತು. ಹೆಂಡತಿ ಉಸಿರು ಬಿಗಿಹಿಡಿದಳು. ಭಾವ ಕಣ್ಣು ಮುಚ್ಚಿ ನುಡಿಸುತ್ತಿದ್ದರೂ ಅವರ ಹುಬ್ಬೊಂದು ಅತ್ತ ಕಡೆ ಎದ್ದಿತು. ಯಾವ ಸಾಮ್ರಾಜ್ಯದ ಕಿರೀಟವೂ ಇಷ್ಟು ಜನರನ್ನು ಇಷ್ಟು ಚಿಕ್ಕ ಅಂಗಡಿಯಲ್ಲಿ ಹೀಗೆ ತುದಿಗಾಲಲ್ಲಿ ನಿಲ್ಲಿಸಿರಲಾರದು. ಎರಡು ಬೀದಿಯಾಚೆ ಪಾರಿವಾಳಗಳು ರೆಕ್ಕೆ ಸರಿಮಾಡಿಕೊಂಡಿರಬೇಕು.

ಪಿಟೀಲು ನಿಂತಿತು. ಈ ಸಲ ನಿಜವಾಗಿಯೂ ಮುಗಿದಿತ್ತು.

ಟೈಲರನ ಕಣ್ಣು ಒದ್ದೆಯಾಗಿತ್ತು, ಅದನ್ನು ನಾನು ಕಂಡಿದ್ದೇನೆ. ಆದರೆ ಆತ ತನ್ನ ಎರಡು ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿದ. ಉಗುರಿನ ತನಕ ಬಂದಿದ್ದ ಟೋಪಿಯನ್ನು ಮತ್ತೆ ಒತ್ತಿ ಹಾಕಿಕೊಂಡ. ಕೈಗಳನ್ನು ಮೊಣಕಾಲ ಮೇಲೆ ಮಲಗಿಸಿದ.

ಭಾವ ಕಣ್ಣು ತೆರೆದು ಆ ಬೆರಳನ್ನು ನೋಡಿದರು. ಪಿಟೀಲನ್ನು ಪೆಟ್ಟಿಗೆಗೆ ಇಳಿಸುವಾಗ ಅವರ ಬಾಯಿಯ ಒಂದು ಕೊನೆಯಲ್ಲಿ ಹಳೆಯ ನಗು ಬಂದು ನಿಂತಿತು.

"ಏನ್ ಟೈಲರ್ ಸಾಹೇಬ್ರೇ, ಇವತ್ತೂ ಇಲ್ವಾ?"

"ಇವತ್ತು ಕೈ ಸರಿ ಇಲ್ಲ ಭಾವ," ಎಂದ ಟೈಲರ್. "ನಾಳೆ ಬನ್ನಿ."